ಗಣಕಯಂತ್ರಗಳ ಅಂಚೆಗೆ ನಿಯಮ ಬರೆದ ಜಾನ್ ಪೋಸ್ಟೆಲ್

ಪೆರಿಯನಾಯಕನಪಾಳ್ಯಂ ಎಂಬ ಊರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎಷ್ಟು ವಿಧವಾಗಿ ಬರೆಯುತ್ತಾರೆಂಬುದನ್ನು ಕೊಯಮತ್ತೂರಿನ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಒಬ್ಬರು ಒಂದು ಅಕ್ಷರವನ್ನು ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಆದರೂ ಮೈಸೂರಿನಿಂದಲೋ ಚಾಮರಾಜನಗರದಿಂದಲೋ ಬಂಧುಗಳು ಹಾಕಿದ ಕಾಗದ ಅಲ್ಲಿಗೇ ಬಂದು ಸೇರುತ್ತದೆ. ವಿಳಾಸದ ಕೊನೆಯಲ್ಲಿರುವ 641020 ಎಂಬ ಆರು ಅಂಕಿಗಳೇ ಇದಕ್ಕೆ ಕಾರಣ. ಈ ಪಿನ್ ಕೋಡ್ ಪದ್ಧತಿಯು ನಮ್ಮ ದೇಶದಲ್ಲಿ 1972ನೆಯ ಇಸವಿ ಆಗಸ್ಟ್ 15ರಂದು ಜಾರಿಗೆ ಬಂದಿತು. ಇದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್ ಎಂಬ ಅಂಚೆ ಇಲಾಖೆಯ ಅಧಿಕಾರಿಗಳು. ಅವರು ಸಂಸ್ಕೃತದಲ್ಲಿ ಕವಿಗಳೂ ಆಗಿದ್ದರು. ಹೆಸರಿನಲ್ಲಿ ಗೊಂದಲವಾದರೂ ಅಂಕಿಯಲ್ಲಿ ಗೊಂದಲವಾಗಬಾರದು ಎಂಬುದು ಆ ಪದ್ಧತಿಯ ತಿರುಳು.

ಇಂದು ಗಣಕಯಂತ್ರಗಳೂ, ಅಂದರೆ ಕಂಪ್ಯೂಟರುಗಳೂ, ತಮ್ಮೊಳಗೆ ಕಾಗದಗಳನ್ನು ಕಳುಹಿಸಿಕೊಳ್ಳುತ್ತವೆ. ಅದಕ್ಕೆ ಇ-ಮೇಲ್ ಎಂದು ಹೆಸರು. ಆ ಅಂಚೆಗೂ ಅಂಕಿಗಳಿವೆ, ನಿಯಮಗಳಿವೆ, ತಲುಪದ ಕಾಗದವನ್ನು ಹಿಂದಿರುಗಿಸುವ ಕ್ರಮವಿದೆ. ಈ ನಿಯಮಗಳನ್ನು ಬರೆದು, ಅಂಕಿಗಳ ಲೆಕ್ಕವನ್ನು ಸುಮಾರು ಮೂರು ದಶಕಗಳ ಕಾಲ ಇಟ್ಟುಕೊಂಡು ಬಂದವರು ಜಾನ್ ಪೋಸ್ಟೆಲ್. ಅವರ ಹೆಸರು ಕಂಪ್ಯೂಟರ್ ವಿದ್ಯೆ ಬಲ್ಲವರಲ್ಲಿ ಮನೆಮಾತಾಗಿದ್ದರೂ ಶಾಲಾ ಪಠ್ಯಗಳಲ್ಲಿ ಕಾಣಸಿಗುವುದು ಅಪರೂಪ. ಆದುದರಿಂದ ಅವರ ಜೀವನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ತಿಳಿಸಲಾಗಿದೆ.

ಜೊನಾಥನ್ ಬ್ರೂಸ್ ಪೋಸ್ಟೆಲ್ ಅವರು 1943ನೆಯ ಇಸವಿ ಆಗಸ್ಟ್ 6ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಆಲ್ಟಡೀನ ಎಂಬಲ್ಲಿ ಜನಿಸಿದರು. ಲಾಸ್ ಏಂಜಲಿಸ್ ನಗರದ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ ಓದಿದರು. ಇಲ್ಲೊಂದು ವಿಶೇಷವಿದೆ. ಮುಂದೆ ಇಂಟರ್ನೆಟ್ ಎಂಬ ಜಗದ್ವ್ಯಾಪಿ ಜಾಲವನ್ನು ಕಟ್ಟುವುದರಲ್ಲಿ ಪ್ರಸಿದ್ಧರಾದ ವಿಂಟನ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಅದೇ ಹೈಸ್ಕೂಲಿನ ವಿದ್ಯಾರ್ಥಿಗಳು. ಒಂದೇ ಸಾಮಾನ್ಯ ಪ್ರೌಢಶಾಲೆಯಿಂದ ಮೂವರು ಇಂಥವರು ಹೊರಬಂದರೆಂಬುದು ಆಶ್ಚರ್ಯವೇ ಸರಿ.

ಹೈಸ್ಕೂಲಿನ ಬಳಿಕ ಪೋಸ್ಟೆಲ್ ಅವರು ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಅಭ್ಯಾಸ ಮಾಡಿದರು. 1966ರಲ್ಲಿ ಪದವಿಯನ್ನೂ 1968ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. 1974ರಲ್ಲಿ ಡಾಕ್ಟರೇಟ್ ಗಳಿಸಿದರು. ಕಂಪ್ಯೂಟರುಗಳು ಪರಸ್ಪರ ಮಾತನಾಡುವ ನಿಯಮಗಳಲ್ಲಿ ಎಲ್ಲಿ ತಪ್ಪಾಗಬಹುದು ಎಂಬುದನ್ನು ಚಿತ್ರ ಬರೆದು ಪರೀಕ್ಷಿಸುವ ವಿಧಾನವೇ ಅವರ ಪ್ರಬಂಧದ ವಿಷಯವಾಗಿತ್ತು. ಮಾತು ಎಲ್ಲಿ ಕೆಡುತ್ತದೆ ಎಂಬ ಈ ಪ್ರಶ್ನೆ ಅವರನ್ನು ಜೀವನದುದ್ದಕ್ಕೂ ಬಿಡಲಿಲ್ಲ.

ಆ ದಿನಗಳಲ್ಲಿ ಒಂದು ಕಂಪ್ಯೂಟರ್ ಒಂದು ಕೊಠಡಿಯನ್ನೇ ತುಂಬುತ್ತಿತ್ತು. ಒಂದು ಕಂಪೆನಿಯ ಯಂತ್ರಕ್ಕೂ ಇನ್ನೊಂದು ಕಂಪೆನಿಯ ಯಂತ್ರಕ್ಕೂ ಮಾತುಕತೆ ಇರಲಿಲ್ಲ. ಇವುಗಳನ್ನು ತಂತಿಯ ಮೂಲಕ ಜೋಡಿಸಲು ಅಮೆರಿಕ ಸರ್ಕಾರವು ಅರ್ಪಾನೆಟ್ ಎಂಬ ಜಾಲವನ್ನು ಕಟ್ಟಿಸಿತು. 1969ನೆಯ ಇಸವಿ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲಿಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾಲಯಕ್ಕೆ ಮೊದಲ ಸಂದೇಶ ಹೊರಟಿತು. 'ಲಾಗಿನ್' ಎಂಬ ಪದವನ್ನು ಕಳುಹಿಸಲು ಹೊರಟರೆ, ಎರಡು ಅಕ್ಷರ ಮುಟ್ಟುವಷ್ಟರಲ್ಲಿ ಆ ಕಡೆಯ ಯಂತ್ರ ಕೆಟ್ಟು ನಿಂತಿತು! ಸುಮಾರು ಒಂದು ಗಂಟೆಯ ತರುವಾಯ ಸರಿಪಡಿಸಿ ಪುನಃ ಕಳುಹಿಸಿದರು. ಅಂದರೆ ಇಂಟರ್ನೆಟ್ಟಿನ ಚರಿತ್ರೆಯು ತಲುಪದ ಸಂದೇಶದಿಂದಲೇ ಆರಂಭವಾಯಿತು ಎನ್ನಬಹುದು. ಪೋಸ್ಟೆಲ್ ಅವರು ಆಗ ಅದೇ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಪ್ರೊಫೆಸರ್ ಲಿಯೊನಾರ್ಡ್ ಕ್ಲೈನ್‌ರಾಕ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ತರುಣ ವಿದ್ಯಾರ್ಥಿ.

ಜಾಲದ ನಿಯಮಗಳನ್ನು ಚರ್ಚಿಸಲು ಈ ತರುಣರು ಕ್ರಮಸಂಖ್ಯೆಯುಳ್ಳ ಟಿಪ್ಪಣಿಗಳನ್ನು ಬರೆದು ಹಂಚುತ್ತಿದ್ದರು. ಮೊದಲನೆಯದನ್ನು 1969ರ ಏಪ್ರಿಲಿನಲ್ಲಿ ಸ್ಟೀವ್ ಕ್ರಾಕರ್ ಬರೆದರು. ಅಪ್ಪಣೆ ಎಂದು ತೋರಬಾರದೆಂದು ಅವಕ್ಕೆ ಅಭಿಪ್ರಾಯ ಕೋರುವ ಟಿಪ್ಪಣಿಗಳೆಂದು ವಿನಯದ ಹೆಸರಿಟ್ಟರು. ಇಂಗ್ಲಿಷಿನಲ್ಲಿ ಅವುಗಳಿಗೆ ಆರ್.ಎಫ್.ಸಿ. ಎನ್ನುತ್ತಾರೆ. ಈ ಟಿಪ್ಪಣಿಗಳನ್ನು ತಿದ್ದಿ, ಸಂಖ್ಯೆ ಕೊಟ್ಟು, ಪ್ರಕಟಿಸುವ ಭಾರ ಪೋಸ್ಟೆಲ್ ಅವರ ಹೆಗಲಿಗೆ ಬಿತ್ತು. ಅದು ಕೊನೆಯವರೆಗೂ ಇಳಿಯಲಿಲ್ಲ.

ಇನ್ನೊಂದು ಕೆಲಸವನ್ನು ಅವರು ತಾವಾಗಿಯೇ ಹೊತ್ತುಕೊಂಡರು. ಒಂದು ಕಂಪ್ಯೂಟರಿನಲ್ಲಿ ಹಲವು ಬಗೆಯ ಸೇವೆಗಳಿರುತ್ತವೆ. ದೊಡ್ಡ ಕಚೇರಿಯಲ್ಲಿ ಹಲವು ಕಿಟಕಿಗಳಿದ್ದಂತೆ. ಯಾವ ಕೆಲಸಕ್ಕೆ ಯಾವ ಕಿಟಕಿ ಎಂದು ಮೊದಲೇ ಗೊತ್ತುಮಾಡದಿದ್ದರೆ ಒಬ್ಬರ ಕಿಟಕಿಗೆ ಇನ್ನೊಬ್ಬರು ಹೋಗಿ ನಿಲ್ಲುವಂತಾಗುತ್ತದೆ. ಈ ಸಂಖ್ಯೆಗಳನ್ನು ಹಂಚಲು ಒಬ್ಬರು ಯಜಮಾನರು ಬೇಕೆಂದೂ, ಬೇಕಾದರೆ ತಾನೇ ಆಗಬಹುದೆಂದೂ 1972ರಲ್ಲಿ ಒಂದು ಟಿಪ್ಪಣಿಯಲ್ಲಿ ಅರ್ಧ ತಮಾಷೆಯಾಗಿ ಸೂಚಿಸಿದರು. ಯಾರೂ ಬೇಡವೆನ್ನಲಿಲ್ಲ. ಅಂದಿನಿಂದ ಹೊಸ ಸಂಖ್ಯೆ ಬೇಕಾದವರೆಲ್ಲ ಅವರನ್ನೇ ಕೇಳತೊಡಗಿದರು. ಅಂಚೆಯ ಸೇವೆಗೆ ಗೊತ್ತಾದ ಕಿಟಕಿ 25ನೆಯದು. ಇಂದಿಗೂ ಒಂದು ಅಂಚೆ ಯಂತ್ರವು ಮತ್ತೊಂದಕ್ಕೆ ಕಾಗದ ಒಪ್ಪಿಸುವುದು ಆ ಸಂಖ್ಯೆಯಲ್ಲೇ.

ಇ-ಮೇಲನ್ನು ಕಂಡುಹಿಡಿದವರು ಪೋಸ್ಟೆಲ್ ಅಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಮೊದಲು ಕಾಗದ ಕಳುಹಿಸಿದವರು ರೇ ಟಾಮ್ಲಿನ್‌ಸನ್, ಅದು 1971ರಲ್ಲಿ. ಆ ಎರಡು ಯಂತ್ರಗಳೂ ಒಂದೇ ಕೊಠಡಿಯಲ್ಲಿ ಅಕ್ಕಪಕ್ಕದಲ್ಲಿದ್ದವು ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ನಗು ಬಂದೀತು. ಆದರೆ ದೂರ ಮುಖ್ಯವಲ್ಲ. ಕೈ ಬದಲಾಗುವುದು ಮುಖ್ಯ. ಆ ಮೇಲೆ ಹತ್ತು ವರ್ಷ ಕಾಲ ಅಂಚೆಯು ಬೇರೆ ಕೆಲಸದ ನಿಯಮಗಳ ಬೆನ್ನೇರಿಕೊಂಡು ಹೇಗೋ ಸಾಗುತ್ತಿತ್ತು. ಕಾಗದ ಸೇರಿತೇ ಇಲ್ಲವೇ, ಸೇರದಿದ್ದರೆ ತಪ್ಪು ಯಾರದು ಎಂಬುದು ತಿಳಿಯುವುದೇ ಕಷ್ಟವಾಗಿತ್ತು.

ಸ್ವಲ್ಪ ಕಾಲ ಸ್ಟ್ಯಾನ್‌ಫರ್ಡ್ ಸಂಶೋಧನಾಲಯದಲ್ಲಿದ್ದು, 1977ರಲ್ಲಿ ಪೋಸ್ಟೆಲ್ ಅವರು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಗೆ ಬಂದರು. ಮರೀನ ಡೆಲ್ ರೇ ಎಂಬಲ್ಲಿ ಕಡಲ ಬಳಿಯಿರುವ ಸಂಸ್ಥೆಯದು. ಉದ್ದನೆಯ ಗಡ್ಡ, ಕಾಲಿಗೆ ಸಾಮಾನ್ಯ ಚಪ್ಪಲಿ, ಮೆಲುಮಾತು. ರಜೆ ಸಿಕ್ಕಿದರೆ ಬೆನ್ನಿಗೆ ಚೀಲ ಕಟ್ಟಿ ಸಿಯೆರಾ ನೆವಾಡ ಪರ್ವತಗಳಿಗೆ ಚಾರಣ ಹೋಗುವುದು ಅವರ ಹವ್ಯಾಸ. ಇಲ್ಲಿಯೇ ಅವರ ಮುಖ್ಯ ಬರವಣಿಗೆ ನಡೆಯಿತು. 1981ರ ಸೆಪ್ಟೆಂಬರಿನಲ್ಲಿ ಇಂಟರ್ನೆಟ್ಟಿನ ಮೂರು ಮೂಲ ನಿಯಮಗಳು ಅವರ ಸಂಪಾದಕತ್ವದಲ್ಲಿ ಹೊರಬಂದವು. 1982ರ ಆಗಸ್ಟಿನಲ್ಲಿ ಸರಳ ಅಂಚೆ ರವಾನೆಯ ನಿಯಮ ಹೊರಬಂದಿತು. ಟಿಪ್ಪಣಿಗಳಲ್ಲಿ ಅದರ ಕ್ರಮಸಂಖ್ಯೆ 821.

ಈ ನಿಯಮವನ್ನು ಓದಿದರೆ ಇಬ್ಬರು ಗುಮಾಸ್ತರ ಸಂಭಾಷಣೆಯನ್ನು ಕೇಳಿದಂತಾಗುತ್ತದೆ. ಕಳುಹಿಸುವ ಯಂತ್ರವು 25ನೆಯ ಕಿಟಕಿಯನ್ನು ತಟ್ಟುತ್ತದೆ. ಸ್ವೀಕರಿಸುವ ಯಂತ್ರವು 220 ಎಂಬ ಸಂಖ್ಯೆಯೊಡನೆ ತನ್ನ ಹೆಸರು ಹೇಳಿ ಸಿದ್ಧವಿದ್ದೇನೆಂದು ತಿಳಿಸುತ್ತದೆ. ಕಳುಹಿಸುವ ಯಂತ್ರವು ತಾನಾರೆಂದೂ, ಕಾಗದ ಯಾರದೆಂದೂ, ಯಾರಿಗೆಂದೂ ಒಂದೊಂದಾಗಿ ಹೇಳುತ್ತದೆ. ಪ್ರತಿಯೊಂದಕ್ಕೂ ಒಪ್ಪಿಗೆಯಾದರೆ 250 ಎಂದು ಉತ್ತರ. ಒಡಲನ್ನು ಕಳುಹಿಸಬಹುದೆಂಬುದಕ್ಕೆ 354. ಕಾಗದ ಮುಗಿಯಿತೆಂದು ತಿಳಿಸಲು ಒಂದು ಸಾಲಿನಲ್ಲಿ ಒಂದೇ ಒಂದು ಚುಕ್ಕಿ. ಮತ್ತೆ 250. ಈ ಕೊನೆಯ 250 ಬಹಳ ತೂಕವುಳ್ಳದ್ದು. ಅದನ್ನು ಹೇಳಿದ ಕ್ಷಣದಿಂದ ಕಾಗದದ ಹೊಣೆ ಸ್ವೀಕರಿಸಿದ ಯಂತ್ರದ್ದು. ಅದು ಕಾಗದವನ್ನು ಮುಟ್ಟಿಸಬೇಕು, ಇಲ್ಲವೇ ಮುಟ್ಟಲಿಲ್ಲವೆಂದು ಬರೆದವರಿಗೆ ತಿಳಿಸಬೇಕು. ಸುಮ್ಮನೆ ಕಳೆದುಬಿಡುವಂತಿಲ್ಲ. ನನ್ನ ಮಟ್ಟಿಗೆ ಪೋಸ್ಟೆಲ್ ಅವರ ಬರವಣಿಗೆಯಲ್ಲೆಲ್ಲ ಇದೇ ಶ್ರೇಷ್ಠವಾದ ಮಾತು. ಮದುವೆಯ ಕರೆಯೋಲೆಯೋ ಕೆಲಸದ ಆಜ್ಞೆಯೋ ದಾರಿಯಲ್ಲಿ ಕಳೆದುಹೋಗಿ, ಬರೆದವರೂ ಕಾಯುತ್ತಿದ್ದವರೂ ಒಬ್ಬರ ಮೇಲೊಬ್ಬರು ಮುನಿಸಿಕೊಂಡ ಕುಟುಂಬಗಳನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಉತ್ತರದ ಸಂಖ್ಯೆಗಳಲ್ಲಿಯೂ ಅರ್ಥವಿದೆ. ಮೊದಲ ಅಂಕಿ 2 ಆದರೆ ಕೆಲಸವಾಯಿತು; 3 ಆದರೆ ಮುಂದುವರಿಸಿ; 4 ಆದರೆ ಈಗ ಸಾಧ್ಯವಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ; 5 ಆದರೆ ಆಗುವುದೇ ಇಲ್ಲ, ಪುನಃ ಕಳುಹಿಸಿ ಫಲವಿಲ್ಲ. ಮನೆಗೆ ಬೀಗ ಹಾಕಿದ್ದರೆ ಅಂಚೆಯವನು ಮರುದಿನ ಬರುತ್ತಾನೆ; ಅಂಥ ಮನೆಯೇ ಇಲ್ಲದಿದ್ದರೆ ಕಾಗದವನ್ನು ಹಿಂದಿರುಗಿಸುತ್ತಾನೆ. 4ಕ್ಕೂ 5ಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಇದರ ಉಪಯೋಗ ಎಲ್ಲಕ್ಕಿಂತ ಚೆನ್ನಾಗಿ ತಿಳಿಯುವುದು ಸಣ್ಣ ಜಾಲಗಳಲ್ಲಿ. ಕಾರ್ಖಾನೆಯ ಕಚೇರಿಯಲ್ಲಿಯೋ ಶಾಲೆಯ ಗಣಕ ಕೊಠಡಿಯಲ್ಲಿಯೋ ನಾಲ್ಕಾರು ಕಂಪ್ಯೂಟರುಗಳನ್ನು ಹೊರಗಿನ ಇಂಟರ್ನೆಟ್ಟಿಗೆ ಸೇರಿಸದೆ ತಮ್ಮೊಳಗೆ ಮಾತ್ರ ಜೋಡಿಸಿರುತ್ತಾರೆ. ಅವುಗಳ ಸಂಖ್ಯೆ ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತದೆ. ಈ ಸಂಖ್ಯೆಗಳೂ ಪೋಸ್ಟೆಲ್ ಅವರ ಲೆಕ್ಕದ ಪುಸ್ತಕದಿಂದಲೇ ಬಂದವು. ಇಂಟರ್ನೆಟ್ಟಿನ ಮೊದಲ ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ ಇದ್ದವು. ಅವು ಮುಗಿದುಹೋಗಬಾರದೆಂದು ಖಾಸಗಿ ಜಾಲಗಳಿಗಾಗಿ ಮೂರು ಗುಂಪುಗಳನ್ನು ಮೀಸಲಿಟ್ಟರು. 1996ರ ಫೆಬ್ರುವರಿಯ ಟಿಪ್ಪಣಿಯಲ್ಲಿ ಅದು ಸ್ಥಿರವಾಯಿತು. 192.168ರ ಗುಂಪಿನಲ್ಲಿ 65,536 ವಿಳಾಸಗಳಿವೆ. ಅವನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಬಹುದು; ಹೊಸಿಲು ದಾಟಿದರೆ ಅವಕ್ಕೆ ಬೆಲೆಯಿಲ್ಲ. ಮನೆಯೊಳಗೆ ಮಗುವನ್ನು ಪುಟ್ಟಿ ಎಂದು ಕರೆದಂತೆ. ಬೀದಿಯಲ್ಲಿ ನಿಂತು ಪುಟ್ಟೀ ಎಂದರೆ ಹತ್ತು ಮಕ್ಕಳು ತಿರುಗಿ ನೋಡುತ್ತಾರೆ.

ಇಂಥ ಒಂದು ಕೊಠಡಿಯಲ್ಲಿ ಒಂದನೆಯ ಕಂಪ್ಯೂಟರಿನಿಂದ ಕಳುಹಿಸಿದ ಕಾಗದ ಮೂರನೆಯದಕ್ಕೆ ಬಾರದೆ ಹೋಯಿತೆನ್ನಿ. ತಿಳಿಯದವರು ಯಂತ್ರವನ್ನು ಆರಿಸಿ ಹೊತ್ತಿಸುತ್ತಾರೆ. ತಿಳಿದವರು ಪೋಸ್ಟೆಲ್ ತೋರಿಸಿದ ದಾರಿಯಲ್ಲಿ ಮೆಟ್ಟಲು ಮೆಟ್ಟಲಾಗಿ ಹೋಗುತ್ತಾರೆ. ಮೂರನೆಯ ಯಂತ್ರವು ಜಾಲದಲ್ಲಿ ಇದೆಯೇ? ಅದರ ಸಂಖ್ಯೆಯನ್ನು ಹೇಳಿ ಒಂದು ಕೂಗು ಹಾಕಿದರೆ ಪ್ರತಿಧ್ವನಿ ಬರಬೇಕು. ಈ ಪ್ರತಿಧ್ವನಿಯ ನಿಯಮವೂ 1981ರಲ್ಲಿ ಅವರು ಬರೆದದ್ದೇ. ಅದನ್ನು ಬಳಸುವ 'ಪಿಂಗ್' ಎಂಬ ಉಪಕರಣವನ್ನು 1983ರಲ್ಲಿ ಮೈಕ್ ಮೂಸ್ ರಚಿಸಿದರು. ಕೂಗಿಗೆ ಉತ್ತರ ಬಾರದಿದ್ದರೆ ಮೊದಲು ತಂತಿಯನ್ನು ನೋಡಬೇಕು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದೋಷ ಹೆಸರಿನ ಪಟ್ಟಿಯಲ್ಲಿದೆ. ಖಾಸಗಿ ಜಾಲದ ಹೆಸರುಗಳನ್ನು ಹೊರಜಗತ್ತು ಅರಿಯದು. ಯಾವ ಹೆಸರಿಗೆ ಯಾವ ಸಂಖ್ಯೆ ಎಂದು ನಾವೇ ಪ್ರತಿ ಯಂತ್ರದಲ್ಲಿಯೋ ಒಂದು ಹೆಸರಿನ ಯಂತ್ರದಲ್ಲಿಯೋ ಬರೆದಿಡಬೇಕು. ಇದನ್ನು ಮರೆಯುವವರೇ ಹೆಚ್ಚು.

ಆ ಮೇಲೆ 25ನೆಯ ಕಿಟಕಿ. ಅಲ್ಲಿ 220 ಎಂಬ ಸ್ವಾಗತ ಬಾರದಿದ್ದರೆ ಅಂಚೆಯ ಕಾರ್ಯಕ್ರಮ ನಡೆಯುತ್ತಿಲ್ಲ, ಅಥವಾ ಕಾವಲಿನ ಕಾರ್ಯಕ್ರಮ ಬಾಗಿಲನ್ನು ತಡೆದಿದೆ. ಇನ್ನೊಂದು ವಿಚಿತ್ರವೂ ಉಂಟು. 127.0.0.1 ಎಂಬುದು ಪ್ರತಿ ಯಂತ್ರಕ್ಕೂ ತಾನೇ ಎಂಬ ಅರ್ಥದ ಸಂಖ್ಯೆ. ಹಲವು ಅಂಚೆ ಕಾರ್ಯಕ್ರಮಗಳನ್ನು ಹೊಸದಾಗಿ ಸ್ಥಾಪಿಸಿದಾಗ ಅವು ಈ ಸಂಖ್ಯೆಗೆ ಮಾತ್ರ ಕಿವಿಗೊಟ್ಟಿರುತ್ತವೆ. ಆಗ ಆ ಯಂತ್ರದ ಮುಂದೆಯೇ ಕುಳಿತು ಪರೀಕ್ಷಿಸಿದರೆ ಎಲ್ಲವೂ ಸರಿ. ಪಕ್ಕದ ಯಂತ್ರದಿಂದ ಕರೆದರೆ ಕಿವುಡು. ಕಿಟಕಿ ತೆರೆದಿದ್ದೂ 550 ಎಂಬ ಉತ್ತರ ಬಂದರೆ ಆ ಹೆಸರಿನ ಪೆಟ್ಟಿಗೆ ಅಲ್ಲಿಲ್ಲ, ಇಲ್ಲವೇ ಕಾಗದವನ್ನು ಸ್ವೀಕರಿಸಲು ಆ ಯಂತ್ರಕ್ಕೆ ಅನುಮತಿಯಿಲ್ಲ. 4ರಿಂದ ಆರಂಭವಾಗುವ ಉತ್ತರ ಬಂದರೆ ಕಾಗದ ಸಾಲಿನಲ್ಲಿ ಕಾಯುತ್ತಿರುತ್ತದೆ, ಗಾಬರಿಪಡಬೇಕಾಗಿಲ್ಲ. ಒಟ್ಟಿನಲ್ಲಿ ಯಂತ್ರಗಳು ಮೌನವಾಗಿ ಸೋಲುವುದಿಲ್ಲ, ಎಲ್ಲಿ ಸೋತೆವೆಂದು ಅಂಕಿಯಲ್ಲಿ ಹೇಳುತ್ತವೆ. ಅದನ್ನು ಓದುವ ತಾಳ್ಮೆ ನಮಗಿರಬೇಕಷ್ಟೆ.

ಪೋಸ್ಟೆಲ್ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಒಂದು ತತ್ತ್ವವಿದೆ. ಕಳುಹಿಸುವಾಗ ನಿಯಮವನ್ನು ಅಕ್ಷರಶಃ ಪಾಲಿಸಬೇಕು. ಬಂದದ್ದನ್ನು ಸ್ವೀಕರಿಸುವಾಗ ಸಣ್ಣಪುಟ್ಟ ತಪ್ಪುಗಳನ್ನು ಉದಾರವಾಗಿ ನೋಡಬೇಕು ಎಂಬುದು ಅದರ ಸಾರ. ಪೆರಿಯನಾಯಕನಪಾಳ್ಯಂ ಎಂಬುದನ್ನು ಯಾರು ಹೇಗೆ ಬರೆದರೂ ಅಂಚೆಯವನು ತಿಳಿದುಕೊಳ್ಳುತ್ತಾನಲ್ಲವೇ, ಹಾಗೆ. ಈ ಉದಾರತೆಯಿಂದಲೇ ನೂರಾರು ಬಗೆಯ ಯಂತ್ರಗಳು ಒಂದೇ ಜಾಲದಲ್ಲಿ ಬಾಳಿದವು. ಅತಿ ಉದಾರತೆಯಿಂದ ತಪ್ಪುಗಳು ಬೇರೂರುತ್ತವೆ, ಮೋಸಗಾರರಿಗೆ ಅನುಕೂಲವಾಗುತ್ತದೆ ಎಂದು ಈಚಿನ ತಜ್ಞರು ಆಕ್ಷೇಪಿಸುವುದುಂಟು. ಅದರಲ್ಲಿಯೂ ಸತ್ಯವಿದೆ. 1982ರ ಅಂಚೆ ನಿಯಮವು ಕಳುಹಿಸುವವನು ಹೇಳಿದ ಹೆಸರನ್ನು ನಂಬಿಬಿಡುತ್ತಿತ್ತು. ಬೇಡದ ಪತ್ರಗಳ ಇಂದಿನ ಹಾವಳಿಗೆ ಆ ನಂಬಿಕೆಯೂ ಒಂದು ಕಾರಣ.

1983ರ ಜನವರಿ 1ರಂದು ಅರ್ಪಾನೆಟ್ ಹಳೆಯ ನಿಯಮವನ್ನು ಬಿಟ್ಟು ಹೊಸ ನಿಯಮಕ್ಕೆ ಬದಲಾಯಿತು. ಆ ಬದಲಾವಣೆಯ ಯೋಜನೆ ಬರೆದವರೂ ಪೋಸ್ಟೆಲ್. ಅಲ್ಲಿಯವರೆಗೆ ಎಲ್ಲ ಯಂತ್ರಗಳ ಹೆಸರುಗಳೂ ಒಂದೇ ಪಟ್ಟಿಯಲ್ಲಿದ್ದವು. ಯಂತ್ರಗಳು ಹೆಚ್ಚಿದಂತೆ ಅದು ಸಾಲದಾಯಿತು. ಅವರ ಸಂಸ್ಥೆಯಲ್ಲಿದ್ದ ಪಾಲ್ ಮೊಕಪೆಟ್ರಿಸ್ ಎಂಬವರು ಪೋಸ್ಟೆಲ್ ಅವರ ಸೂಚನೆಯಂತೆ ಹೆಸರುಗಳನ್ನು ಕೊಂಬೆ ಕೊಂಬೆಯಾಗಿ ಹಂಚುವ ಪದ್ಧತಿಯನ್ನು ಅದೇ ವರ್ಷ ರಚಿಸಿದರು. ದೇಶಗಳಿಗೂ ಎರಡೆರಡು ಅಕ್ಷರಗಳ ಕೊಂಬೆ ಬೇಕಾಯಿತು. ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವುದು ತನ್ನ ಕೆಲಸವಲ್ಲವೆಂದು ಪೋಸ್ಟೆಲ್ ಅವರು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಸಿದ್ಧ ಪಟ್ಟಿಯನ್ನೇ ಹಿಡಿದರು. ಎಷ್ಟೋ ಜಗಳಗಳು ಇದರಿಂದ ತಪ್ಪಿದವು. 'ಇನ್' ಎಂಬ ನಮ್ಮ ದೇಶದ ಹೆಸರು 1989ರಲ್ಲಿ ನೋಂದಣಿಯಾಯಿತು. ಆಗ ಭಾರತದಲ್ಲಿ ಜಾಲವಿದ್ದದ್ದು 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ವಿದ್ಯಾಸಂಸ್ಥೆಗಳ ಯೋಜನೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಸೇರಿತ್ತು. ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು.

ಇಷ್ಟೆಲ್ಲ ಅಧಿಕಾರ ಒಬ್ಬರ ಕೈಯಲ್ಲಿತ್ತು. ಜಾಯ್ಸ್ ರೆನಾಲ್ಡ್ಸ್ ಮೊದಲಾದ ಕೆಲವೇ ಸಹೋದ್ಯೋಗಿಗಳ ನೆರವಿನಿಂದ ಅವರು ಜಗತ್ತಿನ ಸಂಖ್ಯೆಗಳನ್ನೂ ಹೆಸರುಗಳನ್ನೂ ನೋಡಿಕೊಳ್ಳುತ್ತಿದ್ದರು. ಜಾಲವು ವಿದ್ವಾಂಸರದಾಗಿದ್ದಷ್ಟು ಕಾಲ ಇದು ನಡೆಯಿತು. ವ್ಯಾಪಾರ ಒಳಹೊಕ್ಕ ಮೇಲೆ ಹೆಸರುಗಳಿಗೆ ಹಣದ ಬೆಲೆ ಬಂದಿತು. ಹೆಸರುಗಳ ನೋಂದಣಿಯ ಗುತ್ತಿಗೆ ಒಂದು ಖಾಸಗಿ ಕಂಪೆನಿಯದಾಗಿತ್ತು. 1995ರಿಂದ ಅದಕ್ಕೆ ಶುಲ್ಕವೂ ಏರ್ಪಟ್ಟಿತು. ಮೂಲ ಪಟ್ಟಿ ಯಾರಿಗೆ ಸೇರಿದ್ದು ಎಂಬ ವಿವಾದ ಬೆಳೆಯಿತು.

1998ರ ಜನವರಿ 28ರಂದು ಪೋಸ್ಟೆಲ್ ಅವರು ಒಂದು ಚಿಕ್ಕ ಇ-ಮೇಲ್ ಕಳುಹಿಸಿದರು. ಹೆಸರಿನ ಮೂಲ ಯಂತ್ರಗಳನ್ನು ನಡೆಸುತ್ತಿದ್ದ ಎಂಟು ಮಂದಿಗೆ, ಇನ್ನು ಮುಂದೆ ಆ ಕಂಪೆನಿಯ ಯಂತ್ರದ ಬದಲು ತಮ್ಮ ಸಂಸ್ಥೆಯ ಯಂತ್ರದಿಂದ ಪಟ್ಟಿಯನ್ನು ಪಡೆಯಬೇಕೆಂದು ಕೋರಿದ್ದರು. ಎಂಟು ಮಂದಿಯೂ ಹಾಗೆಯೇ ಮಾಡಿದರು. ಅವರನ್ನು ಬಲವಂತಪಡಿಸುವ ಕಾನೂನು ಯಾವುದೂ ಇರಲಿಲ್ಲ. ಕೇಳಿದವರು ಜಾನ್ ಎಂಬುದೇ ಸಾಕಾಯಿತು. ಸಾಮಾನ್ಯ ಬಳಕೆದಾರರಿಗೆ ಏನೂ ತಿಳಿಯಲಿಲ್ಲ, ಒಂದು ಕಾಗದವೂ ದಾರಿ ತಪ್ಪಲಿಲ್ಲ. ಆದರೆ ಅಮೆರಿಕ ಸರ್ಕಾರ ಬೆಚ್ಚಿಬಿದ್ದಿತು. ಅಧ್ಯಕ್ಷರ ಸಲಹೆಗಾರರಿಂದಲೇ ಕರೆ ಬಂದ ಮೇಲೆ, ಇದೊಂದು ಪರೀಕ್ಷೆಯಾಗಿತ್ತೆಂದು ಹೇಳಿ ಪೋಸ್ಟೆಲ್ ಅವರು ಎಲ್ಲವನ್ನೂ ಮೊದಲಿನಂತೆಯೇ ಮಾಡಿಸಿದರು. ಅವರ ಉದ್ದೇಶ ಏನಿತ್ತೆಂಬ ಬಗ್ಗೆ ಅಭಿಪ್ರಾಯಭೇದವಿದೆ. ಜಗತ್ತಿಗೆಲ್ಲ ಸಂಬಂಧಿಸಿದ ವಿಷಯದಲ್ಲಿ ಬಹಿರಂಗವಾಗಿ ತಿಳಿಸದೆ ಹೀಗೆ ಮಾಡಿದ್ದು ಉಚಿತವಲ್ಲವೆಂದೇ ಹೇಳಬೇಕು. ಆದರೂ ಮೂವತ್ತು ವರ್ಷ ಕಾಲ ಆ ಪಟ್ಟಿಯಿಂದ ತಮಗಾಗಿ ಒಂದು ಕಾಸನ್ನೂ ಮಾಡಿಕೊಳ್ಳದ ಮನುಷ್ಯ ಅವರು ಎಂಬುದನ್ನೂ ಮರೆಯುವಂತಿಲ್ಲ.

ಒಬ್ಬ ವ್ಯಕ್ತಿಯ ಮೇಲಿನ ನಂಬಿಕೆಯಿಂದ ಮಾತ್ರ ಇದು ಮುಂದೆ ನಡೆಯದೆಂದು ಪೋಸ್ಟೆಲ್ ಅವರಿಗೂ ತಿಳಿದಿತ್ತು. ಆ ವರ್ಷವೆಲ್ಲ ಅವರು ಹೊಸ ಸಂಸ್ಥೆಯೊಂದನ್ನು ಕಟ್ಟುವುದರಲ್ಲಿ ತೊಡಗಿದರು. ಐಕಾನ್ ಎಂಬ ಆ ಸಂಸ್ಥೆಯು 1998ರ ಸೆಪ್ಟೆಂಬರ್ 30ರಂದು ಸ್ಥಾಪನೆಯಾಯಿತು. ಅವರ ಹೃದಯದ ಕವಾಟವನ್ನು 1991ರಲ್ಲಿಯೇ ಬದಲಾಯಿಸಿದ್ದರು. ಪುನಃ ಶಸ್ತ್ರಚಿಕಿತ್ಸೆ ಬೇಕಾಯಿತು. ಅದರ ನಂತರದ ತೊಂದರೆಗಳಿಂದ ಅಕ್ಟೋಬರ್ 16ರಂದು ಲಾಸ್ ಏಂಜಲಿಸಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 55 ವರ್ಷ. ಹೊಸ ಸಂಸ್ಥೆಗೆ ಇನ್ನೂ ಮೂರು ವಾರವೂ ತುಂಬಿರಲಿಲ್ಲ.

ಅವರ ಹಳೆಯ ಸಹಪಾಠಿ ವಿಂಟನ್ ಸರ್ಫ್ ಅವರು ಬರೆದ ಶ್ರದ್ಧಾಂಜಲಿಯು ಪೋಸ್ಟೆಲ್ ಅವರೇ ಅಷ್ಟು ವರ್ಷ ಸಂಪಾದಿಸುತ್ತಿದ್ದ ಟಿಪ್ಪಣಿಗಳ ಸಾಲಿನಲ್ಲಿ 2468 ಎಂಬ ಕ್ರಮಸಂಖ್ಯೆಯಿಂದ ಪ್ರಕಟವಾಯಿತು. ಇಂಟರ್ನೆಟ್ ಸೊಸೈಟಿಯು ಅವರ ಹೆಸರಿನಲ್ಲಿ ಏರ್ಪಡಿಸಿದ ಪ್ರಶಸ್ತಿಯನ್ನು 1999ರಲ್ಲಿ ಮೊದಲು ಅವರಿಗೇ ಮರಣೋತ್ತರವಾಗಿ ಅರ್ಪಿಸಲಾಯಿತು. ಅವರ ಅಂಚೆ ನಿಯಮವನ್ನು 2001ರಲ್ಲಿಯೂ 2008ರಲ್ಲಿಯೂ ಪರಿಷ್ಕರಿಸಿ ಬರೆದರು. ಟಿಪ್ಪಣಿಗಳ ಸಂಪಾದನೆಯನ್ನು ಜಾಯ್ಸ್ ರೆನಾಲ್ಡ್ಸ್ ಮತ್ತು ಬಾಬ್ ಬ್ರೇಡನ್ ಅವರು ಮುಂದುವರಿಸಿಕೊಂಡು ಬಂದರು.